ಮನೆಯಲ್ಲೇ ಟೊಂಕೊಟ್ಸು ರಾಮೆನ್: ಹಂದಿ ಮೂಳೆಯ ಬಿಳಿ ಸಾರು ಮಾಡುವ ಪೂರ್ತಿ ವಿಧಾನ

ಮೊದಲ ಸಲ ನಾನು ಮಾಡಿದ ಟೊಂಕೊಟ್ಸು ರಾಮೆನ್, ಅಂದರೆ ಹಂದಿ ಮೂಳೆ ಸಾರಿನ ಜಪಾನೀ ನೂಡಲ್ಸ್, ನೋಡಿ ಹೆಂಡತಿ ಕೇಳಿದ್ದು ಒಂದೇ ಮಾತು. "ಏನ್ರೀ ಇದು, ತಿಳಿಸಾರಾ?" ಹತ್ತು ಗಂಟೆ ಒಲೆ ಉರಿಸಿದ್ದೆ. ಹಾಲಿನಂಥ ಬಿಳಿ ಸಾರು ಬರಬೇಕಿತ್ತು. ಬಂದಿದ್ದು ಕಂದು ನೀರು, ಅದರ ಮೇಲೆ ಒಂದು ಬೆರಳು ದಪ್ಪ ಜಿಡ್ಡು. ನಿಧಾನವಾಗಿ ಬೇಯಿಸಬೇಕು ಅಂತ ಎಲ್ಲೋ ಓದಿ, ಉರಿಯನ್ನು ಹಣತೆಯಷ್ಟು ಸಣ್ಣಗೆ ಇಟ್ಟುಬಿಟ್ಟಿದ್ದೆ.

ಅಲ್ಲೇ ಎಡವಿದ್ದು. ಈ ಸಾರಿಗೆ ಹೊತ್ತು ಬೇಕು ನಿಜ. ಆದರೆ ಸಣ್ಣ ಉರಿ ಬೇಡ. ಮೂಳೆ ಕೊತಕೊತ ಕುದಿಯಬೇಕು, ಗಂಟೆಗಟ್ಟಲೆ, ಪಾತ್ರೆ ಅಲುಗುವ ಹಾಗೆ. ಇದೊಂದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಬರೀ ತಾಳ್ಮೆಯ ಕೆಲಸ. ಇಲ್ಲಿ ಬರೆದಿರುವ ಅಳತೆ ಆರು ಬಟ್ಟಲಿಗೆ.

ಎಲ್ಲಿಯ ಅಡುಗೆ ಇದು

ರಾಮೆನ್ ಅಂದ್ರೆ ಒಂದೇ ಅಡುಗೆ ಅಲ್ಲ. ನಮ್ಮಲ್ಲಿ ಸಾಂಬಾರು ಊರಿಗೊಂದು ತರ ಇರುವ ಹಾಗೆ ಜಪಾನಿನಲ್ಲಿ ರಾಮೆನ್. ಉತ್ತರದ ಸಪ್ಪೊರೊದಲ್ಲಿ ಮಿಸೊ (ಸೋಯಾ ಕಾಳನ್ನು ಹುಳಿಬರಿಸಿ ಮಾಡಿದ ಮುದ್ದೆ) ಹಾಕುತ್ತಾರೆ. ಟೋಕಿಯೊದ ಹಳೇ ಶೈಲಿಯದು ಸೋಯಾ ಸಾಸಿನ ತಿಳಿ ಸಾರು. ದಕ್ಷಿಣದ ಕ್ಯೂಶು ದ್ವೀಪಕ್ಕೆ ಬಂದರೆ ಟೊಂಕೊಟ್ಸು. 'ಟೊನ್' ಎಂದರೆ ಹಂದಿ, 'ಕೊಟ್ಸು' ಎಂದರೆ ಮೂಳೆ. ಹೆಸರಲ್ಲೇ ಅರ್ಧ ಅಡುಗೆ ಇದೆ.

ಇದರ ತವರು ಫುಕುಒಕಾ ಪ್ರಾಂತ್ಯದ ಕುರುಮೆ ಊರು. 1937ರಲ್ಲಿ ಮಿಯಾಮೊಟೊ ಟೊಕಿಯೊ ಎಂಬವರು 'ನಾನ್ಕಿನ್ ಸೆನ್ರ್ಯೊ' ಎಂಬ ಗಾಡಿಯಲ್ಲಿ ಹಂದಿ ಮೂಳೆ ಸಾರಿನ ನೂಡಲ್ಸ್ ಮಾರಲು ಶುರು ಮಾಡಿದರು. ಆಗ ಸಾರು ಇಷ್ಟು ಬೆಳ್ಳಗೆ ಇರಲಿಲ್ಲ. ಬಿಳಿ ಬಣ್ಣ ಬಂದದ್ದು ಹತ್ತು ವರ್ಷದ ನಂತರ, ಅದೂ ಎಡವಟ್ಟಿನಿಂದ ಅಂತಾರೆ. 1947ರಲ್ಲಿ ಅದೇ ಊರಿನ 'ಸಾಂಕ್ಯು' ಗಾಡಿಯ ಸುಗಿನೊ ಕಟ್ಸುಮಿ ಒಲೆಯನ್ನು ತಾಯಿಗೆ ಒಪ್ಪಿಸಿ ಹೊರಗೆ ಹೋಗಿದ್ದರಂತೆ. ಬರುವಷ್ಟರಲ್ಲಿ ಸಾರು ಜೋರಾಗಿ ಕುದ್ದು ಬೆಳ್ಳಗಾಗಿತ್ತು. ಚೆಲ್ಲುವ ಮೊದಲು ರುಚಿ ನೋಡಿದರು. ಅಲ್ಲಿಂದ ಕತೆ ಬದಲಾಯಿತು. ನಾನು ಸಣ್ಣ ಉರಿ ಇಟ್ಟು ಕೆಟ್ಟೆ, ಅವರು ಉರಿ ಮರೆತು ಗೆದ್ದರು.

ಫುಕುಒಕಾ ನಗರದ ಹಕಾಟಾ ಶೈಲಿ ಇವತ್ತು ಜಗತ್ತಿಗೆಲ್ಲ ಪರಿಚಯ. ತೆಳ್ಳನೆಯ, ನೆಟ್ಟಗಿನ ನೂಡಲ್ಸ್ ಅದರ ಗುರುತು. ನಾವು ಮಾಡಲು ಹೊರಟಿರುವುದೂ ಹೆಚ್ಚುಕಮ್ಮಿ ಅದನ್ನೇ.

ಸಾರು ಬೆಳ್ಳಗಾಗುವುದು ಹೇಗೆ

ಹಾಲು ಯಾಕೆ ಬೆಳ್ಳಗಿದೆ? ನೀರಿನಲ್ಲಿ ಕೊಬ್ಬಿನ ಅತಿ ಸಣ್ಣ ಹನಿಗಳು ತೇಲುತ್ತಿವೆ, ಅವುಗಳ ಮೇಲೆ ಬಿದ್ದ ಬೆಳಕು ಚದುರುತ್ತದೆ. ಟೊಂಕೊಟ್ಸುವಿನಲ್ಲೂ ಅದೇ ಲೆಕ್ಕ. ಜೋರು ಕುದಿ ಕೊಬ್ಬನ್ನು ಹೊಡೆದು ಹೊಡೆದು ಸಣ್ಣ ಹನಿ ಮಾಡುತ್ತದೆ. ಆದರೆ ಕೊಬ್ಬು, ನೀರು ಸುಮ್ನೆ ಜೊತೆಗಿರುವ ಜಾತಿ ಅಲ್ಲ. ಅವುಗಳನ್ನು ಹಿಡಿದಿಡಲು ಮಧ್ಯಸ್ಥ ಬೇಕು. ಆ ಮಧ್ಯಸ್ಥನೇ ಜೆಲಾಟಿನ್. ಚರ್ಮ, ಕೀಲು, ನರದಲ್ಲಿರುವ ಕೊಲಾಜನ್ ಗಂಟೆಗಟ್ಟಲೆ ಬಿಸಿಯಲ್ಲಿದ್ದರೆ ಕರಗಿ ಜೆಲಾಟಿನ್ ಆಗುತ್ತದೆ. ಕಾಲು ಸೂಪ್ ಕುಡಿದ ಮೇಲೆ ತುಟಿಗೆ ತುಟಿ ಅಂಟುತ್ತದಲ್ಲ, ಅದೇ ಇದು.

ಅಂದರೆ ಮೂರು ಸಂಗತಿ ಕೂಡಬೇಕು: ಕೊಬ್ಬು, ಜೆಲಾಟಿನ್, ಜೋರು ಕುದಿ. ಸಣ್ಣ ಉರಿಯಲ್ಲಿ ಮೊದಲೆರಡೂ ಸಿಗುತ್ತವೆ, ಮೂರನೆಯದು ಇಲ್ಲದೆ ಕೊಬ್ಬು ಮೇಲೆ ತೇಲಿಕೊಂಡೇ ಇರುತ್ತದೆ. ನನಗೆ ಆದದ್ದು ಇದೇ.

ಮೂಳೆ ಆರಿಸುವುದು

ಬೇಕಾದದ್ದು ಇಷ್ಟು:

- ತೊಡೆಯ ನಲ್ಲಿ ಮೂಳೆ, ಅಡ್ಡಕ್ಕೆ ಎರಡು ತುಂಡು ಮಾಡಿಸಿದ್ದು: ಒಂದೂವರೆ ಕೆ.ಜಿ.
- ಕತ್ತಿನ ಅಥವಾ ಬೆನ್ನಿನ ಮೂಳೆ: 1 ಕೆ.ಜಿ.
- ಹಂದಿ ಕಾಲು, ಉದ್ದಕ್ಕೆ ಸೀಳಿಸಿದ್ದು: ಎರಡು
- ಬೆನ್ನಿನ ಗಟ್ಟಿ ಕೊಬ್ಬು: 150 ಗ್ರಾಂ
- ಈರುಳ್ಳಿ ಒಂದು, ಬೆಳ್ಳುಳ್ಳಿ ಒಂದು ಗಡ್ಡೆ, ಹೆಬ್ಬೆರಳಷ್ಟು ಶುಂಠಿ, ಒಂದು ಹಿಡಿ ಈರುಳ್ಳಿ ಸೊಪ್ಪು

ನಲ್ಲಿ ಮೂಳೆಯಿಂದ ರುಚಿ, ಕಾಲಿನಿಂದ ಅಂಟು, ಬೆನ್ನು ಮೂಳೆಗೆ ಅಂಟಿದ ಮಾಂಸದಿಂದ ಘಮ. ಕಾಲು ಸಿಗದಿದ್ದರೆ ಚರ್ಮ ಹಾಕಬಹುದು. ಎರಡೂ ಇಲ್ಲದೆ ಮಾತ್ರ ಮಾಡಲು ಹೋಗಬೇಡಿ.

ಬೆಂಗಳೂರಿನಲ್ಲಿ ನಾನು ಹೋಗುವುದು ಕೊಡಗಿನವರ ಒಂದು ಪೋರ್ಕ್ ಅಂಗಡಿಗೆ. ಮೊದಲ ಸಲ ಎರಡೂವರೆ ಕೆ.ಜಿ. ಬರೀ ಮೂಳೆ ಕೇಳಿದಾಗ ಅಂಗಡಿಯವರು ತಲೆ ಎತ್ತಿ ನೋಡಿ, "ನಾಯಿಗಾ ಸಾರ್?" ಅಂದರು. ನಮಗೇ ಅಂದೆ. ಸೂಪ್ ಮಾಡ್ತೀನಿ ಅಂದ ಮೇಲೆ, "ಹಂಗಾದ್ರೆ ಕಾಚಂಪುಳಿ ಒಂದ್ ಚಮಚ ಹಾಕಿ" ಅಂತ ಸಲಹೆಯೂ ಬಂತು. ಕೊಡಗಿನ ಪಂದಿ ಕರಿಗೆ ಆ ಕಪ್ಪು ಹುಳಿ ಇಲ್ಲದೆ ಆಗುವುದಿಲ್ಲ, ಒಪ್ಪಿದೆ. ಈ ಸಾರಿಗೆ ಹುಳಿ ಬೇಡ.

ಮೂಳೆಯನ್ನು ಒಂದು ದಿನ ಮುಂಚೆ ಹೇಳಿಟ್ಟರೆ ಒಳ್ಳೆಯದು. ತೊಡೆ ಮೂಳೆಯನ್ನು ಅಂಗಡಿಯಲ್ಲೇ ಕಡಿಸಿಕೊಳ್ಳಿ. ಮನೆಯ ಚಾಕುವಿನಲ್ಲಿ ಅದು ಆಗದ ಕೆಲಸ. ಇನ್ನೊಂದು ಮುಖ್ಯ ವಿಷಯ: ನಮ್ಮ ಕಡೆ ಹಂದಿಯ ಚರ್ಮವನ್ನು ಕೂದಲು ಹೋಗಲು ಸುಟ್ಟಿರುತ್ತಾರೆ. ಹುರಿಯುವ ಅಡುಗೆಗೆ ಆ ವಾಸನೆ ಚೆನ್ನ. ಬಿಳಿ ಸಾರಿಗೆ ಅದು ಹೊಗೆ ವಾಸನೆ ಕೊಡುತ್ತದೆ. ಕಾಲಿನ ಮೇಲಿನ ಕಪ್ಪನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಬೇಕು. ಬೆರಳುಗಳ ಸಂದಿಯನ್ನು ಮರೆಯಬೇಡಿ, ಅಲ್ಲಿ ಕೂದಲು ಉಳಿದೇ ಇರುತ್ತದೆ.

ತೊಳೆಯುವುದರಲ್ಲೇ ಅರ್ಧ ಕೆಲಸ

ಶುಕ್ರವಾರ ರಾತ್ರಿ ಮೂಳೆಯನ್ನು ತಣ್ಣೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಿ. ಮಲಗುವ ಮುಂಚೆ ಒಮ್ಮೆ, ಎದ್ದ ಮೇಲೆ ಒಮ್ಮೆ ನೀರು ಬದಲಿಸಿ. ನೀರು ಕೆಂಪಾಗಿರುತ್ತದೆ. ಅಷ್ಟು ರಕ್ತ ಹೊರಗೆ ಬಂತು ಎಂದು ಅರ್ಥ.

ಶನಿವಾರ ಬೆಳಿಗ್ಗೆ ದೊಡ್ಡ ಪಾತ್ರೆಗೆ ಮೂಳೆ, ಕಾಲು ಹಾಕಿ ಹೊಸ ತಣ್ಣೀರು ತುಂಬಿಸಿ. ಹತ್ತು, ಹನ್ನೆರಡು ಲೀಟರಿನ ಪಾತ್ರೆ ಬೇಕಾಗುತ್ತದೆ. ಕುದಿ ಬಂದ ಮೇಲೆ 15 ನಿಮಿಷ ಬಿಡಿ. ಬೂದು ಬಣ್ಣದ ದಪ್ಪ ನೊರೆ ಉಕ್ಕಿ ಬರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ವಾಸನೆಯೂ ಅಷ್ಟಕ್ಕಷ್ಟೇ. ಕಿಟಕಿ ತೆಗೆದಿಡಿ. ಆ ನೀರನ್ನು ಪೂರ್ತಿ ಚೆಲ್ಲಿಬಿಡಿ. ರುಚಿ ಹೋಗುತ್ತದೆ ಅಂತ ಚಿಂತೆ ಬೇಡ, 15 ನಿಮಿಷಕ್ಕೆ ಮೂಳೆಯ ಸಾರ ಬರುವುದಿಲ್ಲ. ಬರುವುದು ಕೊಳೆ ಮಾತ್ರ.

ಈಗ ಒಂದು ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಸಿಂಕ್ ಮುಂದೆ ನಿಲ್ಲಿ. ನಲ್ಲಿ ನೀರಿನ ಕೆಳಗೆ ಒಂದೊಂದೇ ಮೂಳೆ ಉಜ್ಜಬೇಕು. ಬೆನ್ನು ಮೂಳೆಯನ್ನು ತಿರುಗಿಸಿ ನೋಡಿ. ಗುಂಡಿಗಳಲ್ಲಿ ಕಪ್ಪಗೆ, ಕಾಫಿ ಗಸಿಯ ಹಾಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಚಮಚದ ಹಿಂದಿನ ತುದಿಯಿಂದ ಅದನ್ನು ಕೆದಕಿ ತೆಗೆಯಿರಿ. ನಡುವಿನ ಬೆನ್ನುಹುರಿ ಬಿಳಿ ದಾರದ ಹಾಗೆ ಎಳೆದರೆ ಬರುತ್ತದೆ, ಅದೂ ಬೇಡ. ಇಡೀ ರಾಶಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಬೇಸರದ ಕೆಲಸ, ಆದರೂ ಎಲ್ಲಾದರೂ ಸಮಯ ಉಳಿಸಬೇಕು ಅನ್ನಿಸಿದರೆ ದಯವಿಟ್ಟು ಇಲ್ಲಿ ಉಳಿಸಬೇಡಿ. ಸಾರು ಬೂದಿ ಬಣ್ಣಕ್ಕೆ ತಿರುಗುವುದು, ಹಸಿ ವಾಸನೆ ಬರುವುದು, ಎಲ್ಲಾ ಆ ಕಪ್ಪು ಗಸಿಯಿಂದಲೇ. ಪಾತ್ರೆಯನ್ನೂ ಸೋಪು ಹಾಕಿ ತೊಳೆದು ಮತ್ತೆ ಶುರು ಮಾಡಿ.

ದೊಡ್ಡ ಕುದಿ

ತೊಳೆದ ಮೂಳೆ, ಕಾಲು ಪಾತ್ರೆಗೆ ಹಾಕಿ. ನಾಲ್ಕು ಬೆರಳು ಮೇಲೆ ನಿಲ್ಲುವಷ್ಟು ನೀರು ಹಾಕಿ. ಪೂರ್ತಿ ಉರಿ ಇಡಿ. ಉಪ್ಪು ಹಾಕಬೇಡಿ. ಈ ಸಾರಿನಲ್ಲಿ ಕೊನೆವರೆಗೂ ಉಪ್ಪಿಲ್ಲ.

ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಇರಿ. ಕಂದು ನೊರೆ ಬಂದರೆ ಸೌಟಿನಿಂದ ತೆಗೆಯುತ್ತಿರಿ. ಬಿಳಿ ನೊರೆ ಬರಲು ಶುರುವಾದ ಮೇಲೆ ಕೈ ಬಿಡಿ, ಅದು ಕೊಬ್ಬು, ಅದು ನಮಗೆ ಬೇಕು. ಆಮೇಲೆ ತಟ್ಟೆ ಮುಚ್ಚಿ. ಮುಚ್ಚಿದರೆ ನಡು ಉರಿಯಲ್ಲೂ ಕೊತಕೊತ ಕುದಿಯುತ್ತದೆ, ನೀರೂ ಬೇಗ ಇಂಗುವುದಿಲ್ಲ. ತಟ್ಟೆ ಟಪಟಪ ಅನ್ನುತ್ತಿರಬೇಕು. ಸದ್ದು ನಿಂತಿತು ಅಂದರೆ ಉರಿ ಸಾಲದು.

ಹೀಗೆ ಹತ್ತರಿಂದ ಹನ್ನೆರಡು ಗಂಟೆ. ಮೂಳೆ ನೀರಿನಿಂದ ಮೇಲೆ ತಲೆ ಹಾಕಿದರೆ ಬಿಸಿನೀರು ಸೇರಿಸಿ. ತಣ್ಣೀರು ಹಾಕಿದರೆ ಕುದಿ ನಿಂತುಹೋಗುತ್ತದೆ. ಮೂರನೇ ಗಂಟೆಗೆ ಸಾರು ಗಂಜಿ ತಿಳಿಯ ಹಾಗೆ ಮಸುಕಾಗುತ್ತದೆ. ಆರನೇ ಗಂಟೆಗೆ ಕಾಲಿನ ಚರ್ಮ ಮುಟ್ಟಿದರೆ ಕಳಚಿ ಬರುತ್ತದೆ. ಎಂಟು, ಒಂಬತ್ತರ ಹೊತ್ತಿಗೆ ಮೂಳೆ ಮೂಳೆ ಬೇರೆಯಾಗಿ, ಸೌಟು ಆಡಿಸಿದರೆ ಕಲ್ಲು ಉರುಳಿದ ಸದ್ದು.

ಈಗಲೇ ತಳ ಹಿಡಿಯುವ ಭಯ ಶುರು. ಕರಗಿದ ಚರ್ಮ, ಮಾಂಸದ ಚೂರು ಕೆಳಗೆ ಕೂರುತ್ತವೆ. ಏಳನೇ ಗಂಟೆಯಿಂದ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ತಳದವರೆಗೂ ಕೈಯಾಡಿಸಿ. ಒಂದು ವೇಳೆ ಸೀದ ವಾಸನೆ ಬಂದರೆ ಗಾಬರಿಯಾಗಿ ಕೆರೆಯಬೇಡಿ. ಉರಿ ಆರಿಸಿ, ತಳ ಮುಟ್ಟದ ಹಾಗೆ ಮೇಲಿನದನ್ನೆಲ್ಲ ಬೇರೆ ಪಾತ್ರೆಗೆ ದಾಟಿಸಿ. ಪಾಯಸ ತಳ ಹಿಡಿದಾಗ ಅಮ್ಮಂದಿರು ಮಾಡುವ ಉಪಾಯವೇ.

ಕೊನೆಯ ಎರಡು ಗಂಟೆ ಉಳಿದಾಗ ಬೆನ್ನಿನ ಕೊಬ್ಬು, ಅರ್ಧ ಮಾಡಿದ ಈರುಳ್ಳಿ, ಅಡ್ಡ ಸೀಳಿದ ಬೆಳ್ಳುಳ್ಳಿ ಗಡ್ಡೆ, ಜಜ್ಜಿದ ಶುಂಠಿ, ಈರುಳ್ಳಿ ಸೊಪ್ಪು ಹಾಕಿ. ಮುಂಚೆಯೇ ಹಾಕಿದರೆ ಅವು ಕರಗಿ ಸಾರಿನ ಬಣ್ಣ ಕೆಡಿಸುತ್ತವೆ. ಕೊಬ್ಬು ಮೆತ್ತಗಾದ ಮೇಲೆ ಹೊರಗೆ ತೆಗೆದು, ಒಂದು ಸೌಟು ಸಾರಿನ ಜೊತೆ ಸ್ವಲ್ಪ ಆರಿಸಿ, ಮಿಕ್ಸಿಯಲ್ಲಿ ರುಬ್ಬಿ ವಾಪಸ್ ಸುರಿಯಿರಿ. ಕುದಿಯುವ ಸಾರನ್ನೇ ಮಿಕ್ಸಿಗೆ ಹಾಕಿದರೆ ಮುಚ್ಚಳ ಹಾರುತ್ತದೆ, ಹುಷಾರು. ಕೊನೆಯ ಮುಕ್ಕಾಲು ಗಂಟೆ ತಟ್ಟೆ ತೆಗೆದು, ಉರಿ ಪೂರ್ತಿ ಏರಿಸಿ. ಬಿಳಿ ಬಣ್ಣ ಕಣ್ಣೆದುರಿಗೇ ಗಟ್ಟಿಯಾಗುವುದು ಈಗ.

ದಪ್ಪ ಜರಡಿಯಲ್ಲಿ ಒಮ್ಮೆ, ಸಣ್ಣ ಜರಡಿಯಲ್ಲಿ ಒಮ್ಮೆ ಸೋಸಿ. ಎರಡರಿಂದ ಎರಡೂವರೆ ಲೀಟರ್ ಸಿಗಬೇಕು. ಜಾಸ್ತಿ ಇದ್ದರೆ ಇನ್ನೂ ಕುದಿಸಿ. ಬೆರಳಿಗೆ ಒಂದು ಹನಿ ತಗೊಂಡು ಉಜ್ಜಿ ನೋಡಿ. ಆರುತ್ತಿದ್ದಂತೆ ಬೆರಳು ಬೆರಳು ಅಂಟಿಕೊಂಡರೆ ಸಾರು ಆಯಿತು.

ಗ್ಯಾಸ್ ಬಗ್ಗೆ ಒಂದು ಮಾತು. ದೊಡ್ಡ ಬರ್ನರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು 200 ಗ್ರಾಂ ಗ್ಯಾಸ್ ಸುಡುತ್ತದೆ. 14.2 ಕೆ.ಜಿ. ಸಿಲಿಂಡರಿನಲ್ಲಿ ಇದು ಸಣ್ಣ ಪಾಲೇನಲ್ಲ. ಇಂಡಕ್ಷನ್ ಒಲೆ ಇದ್ದರೆ ಅದರ ಮೇಲಿಡಿ. ರಾತ್ರಿ ಒಲೆ ಉರಿಸಿಟ್ಟು ಮಲಗುವ ಯೋಚನೆ ಮಾತ್ರ ಬೇಡ. ಸಾಯಂಕಾಲ ಸುಸ್ತಾದರೆ ಆರಿಸಿ, ಸೋಸಿ ಫ್ರಿಜ್‌ನಲ್ಲಿಟ್ಟು, ಮೂಳೆಯನ್ನೂ ಒಳಗಿಟ್ಟು ನಾಳೆ ಮುಂದುವರಿಸಿ. ರುಚಿಗೇನೂ ಕಮ್ಮಿಯಾಗಲ್ಲ.

ಕುಕ್ಕರ್ ಇದೆಯಲ್ಲ ಅನ್ನುವವರಿಗೆ

ಆಗುತ್ತದೆ. ನಾನೂ ಈಗ ಅರ್ಧ ಸಲ ಹಾಗೇ ಮಾಡುವುದು. ಏಳೆಂಟು ಲೀಟರಿನ ಕುಕ್ಕರ್‌ಗೆ ಮೇಲಿನ ಅಳತೆಯ ಅರ್ಧ ಹಾಕಿ. ನೆನೆಸುವುದು, ಕುದಿಸಿ ಚೆಲ್ಲುವುದು, ಉಜ್ಜುವುದು ಇದಕ್ಕೂ ತಪ್ಪಿದ್ದಲ್ಲ. ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಿಸಬೇಡಿ, ಜಿಡ್ಡಿನ ನೊರೆ ಉಕ್ಕಿ ವೆಯ್ಟ್ ಕೂರುವ ತೂತು ಕಟ್ಟಿಕೊಳ್ಳಬಹುದು. ಮುಚ್ಚುವ ಮುಂಚೆ ತೆರೆದಿಟ್ಟೇ ಕುದಿಸಿ ನೊರೆ ತೆಗೆದುಬಿಡಿ. ಮೊದಲ ವಿಶಲ್ ಆದ ಮೇಲೆ ಉರಿ ಸಣ್ಣಗೆ ಮಾಡಿ, ಎರಡೂವರೆ ಗಂಟೆ. ಮುಕ್ಕಾಲು ಗಂಟೆಗೊಮ್ಮೆ ಆರಿಸಿ, ಒತ್ತಡ ತಾನಾಗಿ ಇಳಿದ ಮೇಲೆ ತೆರೆದು ನೀರು ನೋಡಿ.

ಕುಕ್ಕರ್ ತೆರೆದಾಗ ಸಾರು ಬೆಳ್ಳಗಿರುವುದಿಲ್ಲ. ಬೇಜಾರಾಗಬೇಡಿ. ಒತ್ತಡದೊಳಗೆ ನೀರು ಬಿಸಿಯಾಗಿರುತ್ತದೆ, ಆದರೆ ಉರುಳಾಡುವುದಿಲ್ಲ. ಜೆಲಾಟಿನ್ ಬಂದಿದೆ, ಕೊಬ್ಬು ಒಡೆದಿಲ್ಲ. ದೊಡ್ಡ ಪಾತ್ರೆಗೆ ಸುರಿದು ಮೂಳೆ ಸಮೇತ ಒಂದು ಗಂಟೆ ಜೋರಾಗಿ ಕುದಿಸಿ. ಸೌಟಿನಿಂದ ಮೂಳೆಗಳನ್ನು ಕುಟ್ಟುತ್ತಿರಿ, ಮೆತ್ತಗಾಗಿರುತ್ತವೆ. ಅರ್ಧ ಗಂಟೆಯೊಳಗೆ ಬಣ್ಣ ತಿರುಗುತ್ತದೆ. ಹನ್ನೆರಡು ಗಂಟೆಯ ಸಾರಿನ ಆಳ ಇದಕ್ಕಿಲ್ಲ, ಆದರೆ ತಿನ್ನುವವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಗೊತ್ತಾಗುವುದಿಲ್ಲ ಅಂತ ನನ್ನ ಅಂದಾಜು.

ಉಪ್ಪು ಕೂತಿರುವುದು ತಾರೆಯಲ್ಲಿ

ತಾರೆ ಅಂದರೆ ಇಲ್ಲಿ ನಕ್ಷತ್ರ ಅಲ್ಲ, ಬಟ್ಟಲಿನ ತಳಕ್ಕೆ ಹಾಕುವ ಉಪ್ಪುಪ್ಪಾದ ಗಟ್ಟಿ ರಸ. ಸಾರು ದೇಹ ಕೊಡುತ್ತದೆ, ತಾರೆ ರುಚಿ ಕೊಡುತ್ತದೆ. ಇಡೀ ಪಾತ್ರೆಗೆ ಉಪ್ಪು ಹಾಕಿದರೆ, ಕುದಿಯುತ್ತಾ ಇಂಗಿದ ಹಾಗೆ ಉಪ್ಪು ಏರುತ್ತಾ ಹೋಗುತ್ತದೆ. ಬಟ್ಟಲಿಗೆ ಬಟ್ಟಲಿಗೇ ಬೆರೆಸಿದರೆ ಆ ತಲೆನೋವಿಲ್ಲ.

200 ಮಿ.ಲೀ. ನೀರಿನಲ್ಲಿ 10 ಗ್ರಾಂ ಕೊಂಬು (ಒಣಗಿಸಿದ ಕಡಲ ಪಾಚಿಯ ಹಾಳೆ), ಎರಡು ಒಣ ಶಿಟಾಕೆ ಅಣಬೆ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನಿಧಾನಕ್ಕೆ ಬಿಸಿ ಮಾಡಿ, ಕುದಿ ಬರುವ ಮುಂಚೆ ಕೊಂಬು ತೆಗೆದುಬಿಡಿ. ಕುದ್ದರೆ ಲೋಳೆ ಬಿಡುತ್ತದೆ. 150 ಮಿ.ಲೀ. ಜಪಾನೀ ಸೋಯಾ ಸಾಸ್, 50 ಮಿ.ಲೀ. ಮಿರಿನ್ (ಅಡುಗೆಗೆ ಹಾಕುವ ಸಿಹಿ ಅಕ್ಕಿ ಮದ್ಯ), 50 ಮಿ.ಲೀ. ಸಾಕೆ (ಜಪಾನಿನ ಅಕ್ಕಿ ಮದ್ಯ), 30 ಗ್ರಾಂ ಉಪ್ಪು ಸೇರಿಸಿ ಐದು ನಿಮಿಷ ಕುದಿಸಿ. ಆರಿಸಿ, ಒಂದು ಹಿಡಿ ಕಟ್ಸುಒಬುಶಿ, ಅಂದರೆ ಹೊಗೆಯಲ್ಲಿ ಒಣಗಿಸಿದ ಮೀನಿನ ಎಸಳು ಹಾಕಿ, ಐದು ನಿಮಿಷ ಬಿಟ್ಟು ಸೋಸಿ. ಉಳಿದದ್ದು ಬಾಟಲಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ.

ಗೋಬಿ ಮಂಚೂರಿಗೆ ಹಾಕುವ ಡಾರ್ಕ್ ಸೋಯಾ ಸಾಸ್ ಇಲ್ಲಿಗೆ ತರಬೇಡಿ, ಸಾರು ಕಪ್ಪಾಗುತ್ತದೆ. ಬಾಟಲಿಯ ಮೇಲೆ ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇರುವ, ಹುಳಿಬರಿಸಿ ತಯಾರಿಸಿದ್ದನ್ನು ನೋಡಿ ತನ್ನಿ. ಮಿರಿನ್, ಸಾಕೆ ದುಬಾರಿ ಅನ್ನಿಸಿದರೆ ಸಿಹಿ ಇಲ್ಲದ ವೈಟ್ ವೈನ್, ಎರಡು ಚಮಚ ಸಕ್ಕರೆ ನಡೆಯುತ್ತದೆ. ಕೊಂಬು, ಕಟ್ಸುಒಬುಶಿ ಸಿಗದಿದ್ದರೆ ಅಣಬೆ ನಾಲ್ಕು ಹಾಕಿ.

ಮಾಂಸಕ್ಕೆ ಮಾತ್ರ ಸಣ್ಣ ಉರಿ

ರಾಮೆನ್ ಮೇಲೆ ಹೋಳು ಮಾಡಿ ಇಡುವ ಹಂದಿ ಮಾಂಸಕ್ಕೆ ಚಾಶು ಅನ್ನುತ್ತಾರೆ. ಅದಕ್ಕೆ ಒಂದು ಕೆ.ಜಿ. ಹೊಟ್ಟೆ ಭಾಗದ ಮಾಂಸ ಒಂದೇ ಹಲಗೆಯಾಗಿ ತನ್ನಿ, ಚರ್ಮ ತೆಗೆಸಿ. ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಹತ್ತಿ ದಾರದಿಂದ ಎರಡೆರಡು ಬೆರಳಿಗೆ ಒಂದು ಕಟ್ಟು ಹಾಕಿ. ಬಾಣಲೆಯಲ್ಲಿ ಸುತ್ತಲೂ ಕೆಂಪಗೆ ಮಾಡಿ. ಆಮೇಲೆ 700 ಮಿ.ಲೀ. ನೀರು, 200 ಮಿ.ಲೀ. ಸೋಯಾ ಸಾಸ್, 100 ಮಿ.ಲೀ. ಮಿರಿನ್, 100 ಮಿ.ಲೀ. ಸಾಕೆ, 80 ಗ್ರಾಂ ಸಕ್ಕರೆ, ಶುಂಠಿ, ಬೆಳ್ಳುಳ್ಳಿ ಹಾಕಿ ಎರಡರಿಂದ ಎರಡೂವರೆ ಗಂಟೆ ಬೇಯಿಸಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು, ಅಷ್ಟೇ. ಜೋರು ಕುದಿಸಿದರೆ ಸುರುಳಿ ಬಿಚ್ಚಿಕೊಂಡು ನಾರು ನಾರಾಗುತ್ತದೆ. ಕಡ್ಡಿ ಚುಚ್ಚಿದರೆ ಬೆಣ್ಣೆಗೆ ಇಳಿದಂತೆ ಇಳಿಯಬೇಕು. ಅದೇ ರಸದಲ್ಲಿ ಆರಲು ಬಿಟ್ಟು, ರಾತ್ರಿ ಫ್ರಿಜ್‌ನಲ್ಲಿಡಿ. ಬಿಸಿಯಿದ್ದಾಗ ಕೊಯ್ಯಲು ಹೋದರೆ ಪುಡಿಪುಡಿಯಾಗುತ್ತದೆ. ತಣ್ಣಗಿದ್ದಾಗ ಎಷ್ಟು ತೆಳ್ಳಗೆ ಬೇಕೋ ಅಷ್ಟು.

ಮೊಟ್ಟೆ ಸುಲಭ. ಕುದಿಯುವ ನೀರಿಗೆ ನಿಧಾನವಾಗಿ ಇಳಿಸಿ, ಆರೂವರೆ ನಿಮಿಷ. ತಕ್ಷಣ ಐಸ್ ನೀರಿಗೆ. ಸುಲಿದು, ಚಾಶು ರಸಕ್ಕೆ ಅಷ್ಟೇ ನೀರು ಬೆರೆಸಿ ಅದರಲ್ಲಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಮುಳುಗಿಸಿಡಿ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ತಿನ್ನುವುದಾದರೆ ಹತ್ತು ನಿಮಿಷ ಬೇಯಿಸಿಬಿಡಿ. ಅರೆಬೆಂದ ಹಳದಿ ಎಲ್ಲರಿಗೂ ಅಲ್ಲ.

ನೂಡಲ್ಸ್

ಇಲ್ಲಿ ನನ್ನ ಸಲಹೆ ನೇರ: ಮೊದಲ ಸಲವಾದರೆ ನೂಡಲ್ಸ್ ಕೊಂಡು ತನ್ನಿ. ತೆಳ್ಳಗಿನ ಗೋಧಿ ರಾಮೆನ್ ನೂಡಲ್ಸ್ ಒಣಗಿಸಿದ್ದಾದರೂ ಪರವಾಗಿಲ್ಲ. ಸಾರೇ ನಾಯಕ.

ಮಾಡಲೇಬೇಕು ಅನ್ನುವವರಿಗೆ ಮಾತ್ರ ಮುಂದಿನದು. ರಾಮೆನ್ ನೂಡಲ್ಸ್‌ಗೆ ಆ ಹಳದಿ ಬಣ್ಣ, ಪುಟಿಯುವ ಗುಣ ಬರುವುದು ಮೊಟ್ಟೆಯಿಂದ ಅಲ್ಲ, ಕಾನ್ಸುಯಿ ಎಂಬ ಕ್ಷಾರದಿಂದ. ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್ ಅದರಲ್ಲಿರುತ್ತವೆ. ಹಪ್ಪಳಕ್ಕೆ ಹಾಕುವ ಹಪ್ಪಳಖಾರವೂ (ಮೆಣಸಿನ ಖಾರ ಅಲ್ಲ) ಕ್ಷಾರವೇ, ಆದರೆ ಪೊಟ್ಟಣದಿಂದ ಪೊಟ್ಟಣಕ್ಕೆ ಅದು ಬೇರೆಯಾಗುವುದರಿಂದ ನಾನು ಬಳಸುವುದಿಲ್ಲ. ಅಡುಗೆ ಸೋಡಾವನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ, ಓವನ್‌ನಲ್ಲಿ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಿ. 100 ಗ್ರಾಂ ಇದ್ದದ್ದು 65 ಗ್ರಾಂ ಹತ್ತಿರಕ್ಕೆ ಇಳಿದರೆ ಸೋಡಿಯಂ ಕಾರ್ಬೊನೇಟ್ ಆಯಿತು. ಒದ್ದೆ ಕೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ.

500 ಗ್ರಾಂ ಮೈದಾಕ್ಕೆ 190 ಮಿ.ಲೀ. ನೀರು, ಅದರಲ್ಲಿ ಈ ಪುಡಿ 5 ಗ್ರಾಂ, ಉಪ್ಪು 5 ಗ್ರಾಂ ಕರಗಿಸಿದ್ದು. ನೀರು ಚಿಮುಕಿಸುತ್ತಾ ಬೆರಳಲ್ಲಿ ಕಲಸಿ. ಚಪಾತಿ ಹಿಟ್ಟಿನ ಹಾಗೆ ಮುದ್ದೆ ಆಗುವುದಿಲ್ಲ, ಪುಟ್ಟು ಹಿಟ್ಟಿನ ಹಾಗೆ ಉದುರುದುರಾಗಿರುತ್ತದೆ. ಸರಿಯಾಗೇ ಇದೆ, ನೀರು ಸೇರಿಸಬೇಡಿ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅರ್ಧ ಗಂಟೆ ಬಿಟ್ಟು, ಮೇಲೆ ಟವೆಲ್ ಹೊದಿಸಿ ಕಾಲಲ್ಲಿ ತುಳಿಯಿರಿ. ಮಡಚಿ ಮತ್ತೆ ತುಳಿಯಿರಿ. ಒಂದು ಗಂಟೆ ಬಿಟ್ಟು ಪಾಸ್ತಾ ಯಂತ್ರದಲ್ಲಿ ಒತ್ತಿ, ಒಂದೂವರೆ ಮಿಲಿಮೀಟರ್ ದಪ್ಪಕ್ಕೆ ತಂದು, ಸಣ್ಣಗೆ ಕತ್ತರಿಸಿ, ಕಾರ್ನ್‌ಫ್ಲೋರ್ ಉದುರಿಸಿ.

ಪಾಸ್ತಾ ಯಂತ್ರ ಇಲ್ಲ ಅಂತ ನಾನೊಮ್ಮೆ ಅತ್ತೆಯವರ ಶಾವಿಗೆ ಒರಳಿಗೆ ಈ ಹಿಟ್ಟು ತುಂಬಿದೆ. ಹಿಟ್ಟು ಇಳಿಯಲಿಲ್ಲ, ಹಿಡಿ ಬಗ್ಗಿತು. ಬೇಯಿಸಿದ ಅಕ್ಕಿ ಹಿಟ್ಟಿಗೆ ಮಾಡಿದ ಒರಳು ಅದು. ಯಂತ್ರ ಇಲ್ಲದಿದ್ದರೆ ನೀರನ್ನು 210 ಮಿ.ಲೀ.ಗೆ ಏರಿಸಿ, ಲಟ್ಟಣಿಗೆಯಲ್ಲಿ ಲಟ್ಟಿಸಿ, ಚಾಕುವಿನಲ್ಲಿ ಕೊಯ್ಯಿರಿ. ಅಷ್ಟು ತೆಳ್ಳಗೆ ಬರುವುದಿಲ್ಲ, ರುಚಿ ಬರುತ್ತದೆ.

ಬಟ್ಟಲು ಕಟ್ಟುವುದು

ಎರಡು ದಿನದ ಕೆಲಸ ಎರಡು ನಿಮಿಷದಲ್ಲಿ ಕೆಡುವುದು ಇಲ್ಲೇ. ಎಲ್ಲವನ್ನೂ ಕೈಗೆ ಸಿಗುವ ಹಾಗೆ ಇಟ್ಟುಕೊಂಡು, ತಿನ್ನುವವರನ್ನು ಕೂರಿಸಿ, ಆಮೇಲೆ ನೂಡಲ್ಸ್ ನೀರಿಗೆ ಹಾಕಿ. ಒಂದು ಸಲಕ್ಕೆ ಎರಡೇ ಬಟ್ಟಲು.

ಬಟ್ಟಲಿಗೆ ಬಿಸಿನೀರು ಹಾಕಿ ಕಾಯಿಸಿ ಚೆಲ್ಲಿ. ಎರಡು ದೊಡ್ಡ ಚಮಚ ತಾರೆ, ಅಂದರೆ 30 ಮಿ.ಲೀ. ಹಾಕಿ. ಸಾರು ಇನ್ನೊಂದು ಒಲೆಯ ಮೇಲೆ ಕುದಿಯುತ್ತಿರಲಿ. ಬೇರೆ ದೊಡ್ಡ ಪಾತ್ರೆಯಲ್ಲಿ, ಉಪ್ಪಿಲ್ಲದ ನೀರಿನಲ್ಲಿ ನೂಡಲ್ಸ್ ಬೇಯಲಿ. ಹಸಿ ತೆಳ್ಳನೆಯದಕ್ಕೆ ಒಂದು ನಿಮಿಷ ಸಾಕು. ಅದು ಬೇಯುವಾಗಲೇ ಕುದಿಯುವ ಸಾರು 300 ಮಿ.ಲೀ. ಬಟ್ಟಲಿಗೆ ಸುರಿದು ಕಲಕಿ, ಒಂದು ಗುಟುಕು ನೋಡಿ. ಸಪ್ಪೆ ಅನ್ನಿಸಿದರೆ ಇನ್ನೊಂದು ಸಣ್ಣ ಚಮಚ ತಾರೆ. ನೂಡಲ್ಸ್ ಎತ್ತಿ ನೀರನ್ನು ಜೋರಾಗಿ ಕೊಡವಿ. ಆ ನೀರು ಒಳಗೆ ಬಂದಷ್ಟೂ ಸಾರು ಪೇಲವ.

ಮೇಲೆ ಬಾಣಲೆಯಲ್ಲಿ ಬಿಸಿ ಮಾಡಿದ ಚಾಶು ಎರಡು ಹೋಳು, ಅರ್ಧ ಮೊಟ್ಟೆ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಎಳೆ ಎಳೆಯಾಗಿ ಕತ್ತರಿಸಿದ ಕಪ್ಪು ಅಣಬೆ, ಹುರಿದ ಎಳ್ಳು. ಕೆಂಪು ಶುಂಠಿ ಉಪ್ಪಿನಕಾಯಿ 'ಬೆನಿ ಶೋಗಾ' ಸಿಕ್ಕರೆ ಚೂರು. ಸಿಗದಿದ್ದರೆ ಶುಂಠಿಯನ್ನು ಸಣ್ಣಗೆ ಸೀಳಿ ವಿನಿಗರ್, ಉಪ್ಪಿನಲ್ಲಿ ಒಂದು ಗಂಟೆ ನೆನೆಸಿ. ಕುಮಾಮೊಟೊ ಊರಿನವರು ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕಪ್ಪಗೆ ಸುಟ್ಟು ರುಬ್ಬಿದ 'ಮಾಯು' ಎಣ್ಣೆ ಹಾಕುತ್ತಾರೆ. ನನಗೆ ಅದು ಬಹಳ ಇಷ್ಟ, ಹಕಾಟಾದವರು ಕ್ಷಮಿಸಬೇಕು. ಅದಕ್ಕೆ ಹುರಿದ ಎಳ್ಳಿನ ಎಣ್ಣೆ ಬೇಕು, ನಮ್ಮ ಗಾಣದ ಎಳ್ಳೆಣ್ಣೆಯ ವಾಸನೆ ಬೇರೆ ದಾರಿ ಹಿಡಿಯುತ್ತದೆ.

ಬಟ್ಟಲು ಮೇಜಿಗೆ ಬಂದ ಕೂಡಲೇ ತಿನ್ನಿ. ಫೋಟೋ ಒಂದೇ ಸಾಕು. ಸೊರ್ ಅಂತ ಎಳೆದು ತಿನ್ನಬಹುದು, ಜಪಾನಿನಲ್ಲಿ ಯಾರೂ ಬೈಯುವುದಿಲ್ಲ. ಹಕಾಟಾ ಕಡೆ ಅಂಗಡಿಯಲ್ಲಿ ನೂಡಲ್ಸ್ ಎಷ್ಟು ಗಟ್ಟಿ ಇರಬೇಕು ಅಂತ ಕೇಳುತ್ತಾರೆ. ಬಹಳ ಗಟ್ಟಿಯಾದದ್ದಕ್ಕೆ 'ಬರಿಕಟಾ' ಅನ್ನುತ್ತಾರೆ. ಬಟ್ಟಲಲ್ಲಿ ಸಾರು ಉಳಿದಿದ್ದರೆ 'ಕಾಎದಾಮಾ' ಅಂದರೆ ಸಾಕು, ಇನ್ನೊಂದು ಹಿಡಿ ನೂಡಲ್ಸ್ ಬರುತ್ತದೆ. ನಗಹಾಮಾ ಮೀನು ಮಾರುಕಟ್ಟೆಯ ಅವಸರದ ಜನರಿಂದ ಬಂದ ರೂಢಿ ಇದು. ನೂಡಲ್ಸ್ ತೆಳ್ಳಗಿದ್ದರೆ ಬೇಗ ಬೇಯುತ್ತದೆ, ಆದರೆ ಸಾರಿನಲ್ಲಿ ಬೇಗ ಮೆತ್ತಗೂ ಆಗುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವೇ ಹಾಕಿಸಿಕೊಳ್ಳುವುದು. ಮನೆಯಲ್ಲೂ ಒಬ್ಬೊಬ್ಬರಿಗೆ ಒಂದು ಹಿಡಿ ಜಾಸ್ತಿ ತೆಗೆದಿಟ್ಟಿರಿ.

ಉಳಿದ ಸಾರು, ಉಳಿದ ಜಿಡ್ಡು

ಸಾರನ್ನು ಒಲೆಯ ಮೇಲೇ ರಾತ್ರಿಯಿಡೀ ಬಿಡಬೇಡಿ. ಚಿಕ್ಕ ಡಬ್ಬಿಗಳಿಗೆ ಹಾಕಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬೆಳಿಗ್ಗೆ ನೋಡಿದರೆ ಹಲ್ವಾ ತರ ಗಟ್ಟಿಯಾಗಿರುತ್ತದೆ. ಅದು ಕೆಟ್ಟಿದ್ದಲ್ಲ, ಗೆದ್ದಿದ್ದು. ಫ್ರಿಜ್‌ನಲ್ಲಿ ಮೂರು ದಿನ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ಇಡಬಹುದು. ಬಿಸಿ ಮಾಡಿದಾಗ ಕೊಬ್ಬು ಬೇರೆಯಾದಂತೆ ಕಂಡರೆ ಜೋರಾಗಿ ಕುದಿಸಿ ಕಡೆಗೋಲು ಆಡಿಸಿ, ಮತ್ತೆ ಬೆಳ್ಳಗಾಗುತ್ತದೆ.

ಕೊನೆಗೆ ಪಾತ್ರೆ. ಅದರ ತಳದ ಜಿಡ್ಡನ್ನು ಬಿಸಿನೀರು ಹಾಕಿ ಸಿಂಕಿಗೆ ಸುರಿಯುವ ಆಸೆ ಆಗುತ್ತದೆ. ಬೇಡ. ಪೈಪಿನೊಳಗೆ ತಣ್ಣಗಾಗಿ ಮೇಣದ ಹಾಗೆ ಕೂರುತ್ತದೆ. ನಮ್ಮ ಮನೆಗೆ ಬಂದ ಪ್ಲಂಬರ್ ತಂತಿ ತುದಿಯಲ್ಲಿ ಬಿಳಿ ಉಂಡೆ ಎಳೆದು ತೋರಿಸಿ, "ಏನ್ ಸಾರ್ ಇದು, ಮೇಣದಬತ್ತಿ ಫ್ಯಾಕ್ಟರಿನಾ?" ಅಂದಿದ್ದರು. ಹಳೇ ದಿನಪತ್ರಿಕೆಯಿಂದ ಪಾತ್ರೆ ಚೆನ್ನಾಗಿ ಒರೆಸಿ, ಪೇಪರನ್ನು ಕಸದ ಬುಟ್ಟಿಗೆ ಹಾಕಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ.